ಮಗ್ಗ ನಿಲ್ಲುತ್ತೆ, ಸರ್ವರ್ ನಿಲ್ಲಲ್ಲ

"ರಾತ್ರಿಯೆಲ್ಲ ದೀಪ ನೋಡ್ಕೊಂಡು ಓಡಾಡ್ತಾನಂತೆ ಕಣಪ್ಪ ನಮ್ಮುಡ್ಗ. ಅದೂ ಒಂದು ಕೆಲ್ಸಾನಾ?"

ಪಕ್ಕದ ಮನೆ ಅಕ್ಕ ಕಾಂಪೌಂಡಿನ ಮೇಲೆ ಮೊಣಕೈ ಊರಿ ಕೇಳಿದರು. ಕರೆಂಟ್ ಹೋಗಿತ್ತು. ನಮ್ಮ ದೊಡ್ಡಬಳ್ಳಾಪುರದಲ್ಲಿ ಕರೆಂಟ್ ಹೋದರೆ ಮೊದಲು ಗೊತ್ತಾಗುವುದು ಕಿವಿಗೆ. ಬೀದಿಯುದ್ದಕ್ಕೂ ಬಡಿಯುತ್ತಿದ್ದ ಮಗ್ಗಗಳೆಲ್ಲ ಒಂದೇ ಸಲಕ್ಕೆ ಸುಮ್ಮನಾಗುತ್ತವೆ. ಜನ ಹೊರಗೆ ಬರುತ್ತಾರೆ, ಮಾತು ಶುರುವಾಗುತ್ತದೆ.

ಅಕ್ಕನ ಮಗ ಡಿಪ್ಲೊಮಾ ಮುಗಿಸಿ ದೇವನಹಳ್ಳಿ ಕಡೆ ಒಂದು ಕಂಪನಿಯ ಸರ್ವರ್ ರೂಮಿಗೆ ಸೇರಿದ್ದಾನೆ. ನೈಟ್ ಶಿಫ್ಟು. ನನ್ನದೂ ಅದೇ ಕಸುಬು ಅಂತ ಅಕ್ಕನಿಗೆ ಗೊತ್ತಿರುವುದರಿಂದ ವಿಚಾರಣೆ ನನ್ನ ಹತ್ತಿರ ಬಂತು.

"ಕೆಲ್ಸ ಅಲ್ದೆ ಇನ್ನೇನಕ್ಕ? ಆ ದೀಪ ನೋಡೋನು ಒಬ್ಬ ಇಲ್ದಿದ್ರೆ ಎಷ್ಟು ದುಡ್ಡು ಸುರಿದು ಸರ್ವರ್ ತಂದ್ರೂ ದಂಡ" ಅಂದೆ.

"ಅಂಥಾ ದೀಪ ಯಾವುದಪ್ಪ ಅದು?"

ಸರ್ವರಿನ ಮುಂಭಾಗ ಎಲ್ಲರೂ ಫೋಟೊದಲ್ಲಿ ನೋಡಿರುತ್ತಾರೆ. ನಮ್ಮಂಥವರಿಗೆ ಬೇಕಾದ್ದು ಅದರ ಬೆನ್ನು. ಸರ್ವರುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ರ್‍ಯಾಕಿನ ಹಿಂದಕ್ಕೆ ಹೋದರೆ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತದೆ. ಸಾಮಾನ್ಯವಾಗಿ ಪ್ರತಿ ಸರ್ವರಿನ ಹಿಂದೆಯೂ ಎರಡು ಪೆಟ್ಟಿಗೆ: ನಾಲ್ಕು ಸೆಂಟಿಮೀಟರ್ ದಪ್ಪ, ಏಳೆಂಟು ಸೆಂಟಿಮೀಟರ್ ಅಗಲ, ಒಂದು ಗೇಣು ಉದ್ದ. ಪ್ರತಿಯೊಂದಕ್ಕೂ ಒಂದು ಹಿಡಿ, ಒಂದು ಒತ್ತುಕೊಂಡಿ, ಒಂದು ಪುಟ್ಟ ಫ್ಯಾನು, ಒಂದು ವೈರು, ಒಂದು ದೀಪ. ಇವೇ ಪವರ್ ಸಪ್ಲೈಗಳು. ಗೋಡೆಯಿಂದ ಬರುವುದು 230 ವೋಲ್ಟಿನ ಎ.ಸಿ. ಕರೆಂಟು, ಸರ್ವರಿನ ಹೊಟ್ಟೆಗೆ ಬೇಕಾದ್ದು 12 ವೋಲ್ಟಿನ ಡಿ.ಸಿ. ಅದನ್ನು ಇದಾಗಿ ಮಾಡಿಕೊಡುವುದೇ ಈ ಪೆಟ್ಟಿಗೆಯ ಕೆಲಸ. ಎಲ್ಲ ಸರಿಯಿದ್ದರೆ ದೀಪ ಹಸಿರು. ಕೆಟ್ಟರೆ ಕಿತ್ತಳೆ ಬಣ್ಣದಲ್ಲಿ ಮಿಣುಕುತ್ತದೆ, ಇಲ್ಲವೇ ಆರಿಯೇ ಹೋಗುತ್ತದೆ.

"ಒಂದು ಸಾಲ್ದಾ? ಎರಡ್ಯಾಕೆ?"

ಒಂದು ಕೆಟ್ಟರೆ ಇನ್ನೊಂದು ನಡೆಸಲಿ ಅಂತ. ಎರಡೂ ಚೆನ್ನಾಗಿದ್ದಾಗ ಹೊರೆಯನ್ನು ಸುಮಾರು ಸಮನಾಗಿ ಹಂಚಿಕೊಂಡು ನಡೆಯುತ್ತವೆ. ಸರ್ವರಿಗೆ 400 ವಾಟ್ ಬೇಕಿದ್ದರೆ ಇದು 200, ಅದು 200. ಒಂದು ಸತ್ತ ಕ್ಷಣವೇ ಇನ್ನೊಂದು ಇಡೀ 400 ಹೊರುತ್ತದೆ. ನಮ್ಮ ಕರೆಂಟಿನ ಒಂದು ಸುತ್ತು ಅಂದರೆ 20 ಮಿಲಿಸೆಕೆಂಡು. ಹೆಚ್ಚುಕಡಿಮೆ ಅಷ್ಟು ಹೊತ್ತು ದೂಡುವಷ್ಟು ಶಕ್ತಿ ಪೆಟ್ಟಿಗೆಯೊಳಗಿನ ಕೆಪಾಸಿಟರಿನಲ್ಲಿ ಸದಾ ತುಂಬಿರುತ್ತದೆ. ಹಾಗಾಗಿ ಸರ್ವರಿಗೆ ಏನೂ ಆದಂತೆಯೇ ಅನ್ನಿಸುವುದಿಲ್ಲ. ಸತ್ತ ಪೆಟ್ಟಿಗೆ ಒಳಗೇ ಶಾರ್ಟ್ ಆಗಿ ಬದುಕಿರುವ ಪೆಟ್ಟಿಗೆಯ ಕರೆಂಟನ್ನೂ ಎಳೆದುಕೊಳ್ಳಬಾರದಲ್ಲ? ಅದಕ್ಕೆ ಕರೆಂಟು ಒಂದೇ ದಿಕ್ಕಿನಲ್ಲಿ ಹರಿಯುವಂತೆ ತಡೆ ಇಟ್ಟಿರುತ್ತಾರೆ. ಕೆಟ್ಟದ್ದು ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಸರ್ವರ್ ಓಡುತ್ತಿರುವಾಗಲೇ ಅದನ್ನು ಎಳೆದು ಹೊಸದನ್ನು ತಳ್ಳಬಹುದು. ಬಲು ಜಾಣತನದ ವ್ಯವಸ್ಥೆ.

ಆದರೆ ಅಪಾಯ ಇರುವುದೂ ಆ ಜಾಣತನದಲ್ಲೇ. ಅಕ್ಕನಿಗೆ ಅದನ್ನು ಅವರ ಮಗ್ಗದಿಂದಲೇ ಹೇಳಿದೆ.

"ಲಾಳಿಯಲ್ಲಿ ಕಂಡಿಕೆ ಮುಗಿದ್ರೆ, ಹೊಕ್ಕಿನ ಎಳೆ ಕಡಿದ್ರೆ ಏನಾಗುತ್ತಕ್ಕ?"

"ಎಳೆ ಕಾಯೋ ಫೋರ್ಕು ಬಿದ್ದು ಮಗ್ಗ ನಿಂತೋಗುತ್ತೆ. ಹೋಗಿ ನೋಡ್ಲೇಬೇಕು."

"ನಿಂತಿತು ಅಂತ ತಾನೆ ನೋಡ್ತೀರಿ? ಸರ್ವರ್ ನಿಲ್ಲಲ್ಲ. ಎರಡರಲ್ಲಿ ಒಂದು ಕಡಿದ್ರೂ ನೇಯ್ತಾನೇ ಇರುತ್ತೆ. ಯಾರಿಗೂ ತೊಂದ್ರೆ ಇಲ್ಲ, ಯಾರೂ ಫೋನ್ ಮಾಡಲ್ಲ. ಆಮೇಲೆ ಒಂದು ದಿನ ಎರಡನೇದೂ ಹೋಗುತ್ತೆ. ಆಗ ಎಲ್ಲಾ ನಿಲ್ಲುತ್ತೆ. 'ಎರಡೆರಡು ಇಟ್ಟಿದ್ವಲ್ಲ, ಹೆಂಗೆ ನಿಂತಿತು?' ಅಂತ ಎಲ್ಲರೂ ಕೂಗಾಡ್ತಾರೆ."

ಈ ಕಸುಬಿನಲ್ಲಿ ನಾನು ಕಲಿತ ದೊಡ್ಡ ಮಾತು ಇದು. ಜೋಡಿ ವ್ಯವಸ್ಥೆ ಮೊದಲ ಕೇಡನ್ನು ತಡೆಯುವುದಿಲ್ಲ, ಮುಚ್ಚಿಡುತ್ತದೆ. ಮುಚ್ಚಿಟ್ಟು ನಮಗೆ ಕಾಲಾವಕಾಶ ಕೊಡುತ್ತದೆ. ಆ ಅವಕಾಶದಲ್ಲಿ ಯಾರೂ ಹೋಗಿ ನೋಡದಿದ್ದರೆ ಎರಡನೇ ಪೆಟ್ಟಿಗೆಗೆ ಕೊಟ್ಟ ದುಡ್ಡು ನೀರಿನಲ್ಲಿ ಹೋಮ. ಒಂದೇ ದಿನ ಹಾಕಿದ ಎರಡು ಪೆಟ್ಟಿಗೆಗೂ ಒಂದೇ ವಯಸ್ಸು ಅನ್ನುವುದನ್ನೂ ಮರೆಯಬಾರದು. ಒಳಗಿನ ಕೆಪಾಸಿಟರುಗಳಿಗೆ ಬಿಸಿಯೇ ಶತ್ರು. ಬಿಸಿ ಹತ್ತು ಡಿಗ್ರಿ ಹೆಚ್ಚಾದರೆ ಆಯಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಅಂತ ಎಂಜಿನಿಯರುಗಳ ಲೆಕ್ಕ. ಒಂದೇ ರೂಮು, ಒಂದೇ ಬಿಸಿ, ಒಂದೇ ದೂಳು. ಮೊದಲನೆಯದು ಸತ್ತಿತು ಅಂದರೆ ಎರಡನೆಯದಕ್ಕೂ ವಯಸ್ಸಾಗಿದೆ ಅಂತಲೇ ಲೆಕ್ಕ ಹಾಕಬೇಕು. ಸಾಲದ್ದಕ್ಕೆ ಅದು ಈಗ ಒಂಟಿಯಾಗಿ ಎರಡು ಪಟ್ಟು ಹೊರೆ ಹೊರುತ್ತಿರುತ್ತದೆ.

"ಅಂಗಾದ್ರೆ ಮೂರು ಇಡ್ಬೇಕಪ್ಪ" ಅಂದರು ಅಕ್ಕ.

ಮೂರು, ನಾಲ್ಕು ಇಡುವ ಯಂತ್ರಗಳೂ ಇವೆ. ಆದರೆ ಎಷ್ಟು ಅನ್ನುವುದಕ್ಕಿಂತ, ಇಟ್ಟವು ನಿಜವಾಗಿ ಬೇರೆ ಬೇರೆಯಾಗಿ ನಿಂತಿವೆಯೇ ಅನ್ನುವುದು ಮುಖ್ಯ. ಒಂದು ಕಡೆ ನಾನೇ ನೋಡಿದ್ದೇನೆ. ಸರ್ವರಿಗೆ ಎರಡು ಪವರ್ ಸಪ್ಲೈ, ಎರಡು ವೈರು, ಎರಡೂ ದೀಪ ಹಸಿರು. ವೈರು ಹಿಡಿದು ಕೆಳಗೆ ಹೋದರೆ ಎರಡೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಚುಚ್ಚಿದ್ದರು. ಕಸ ಗುಡಿಸುವಾಗ ಆ ಒಂದು ಪ್ಲಗ್ಗು ಸಡಿಲವಾದರೆ ಎರಡೂ ಒಟ್ಟಿಗೆ ಹೋಗುತ್ತವೆ. ದೀಪ ಸುಳ್ಳು ಹೇಳಿರಲಿಲ್ಲ. ಪೆಟ್ಟಿಗೆ ಚೆನ್ನಾಗಿದೆ ಅಂತಷ್ಟೇ ಹೇಳಿತ್ತು. ಕರೆಂಟು ಬರುವ ದಾರಿ ಒಂದೇ ಅನ್ನುವುದು ದೀಪಕ್ಕೆ ಗೊತ್ತಿರುವುದಿಲ್ಲ.

ಸರಿಯಾದ ಕ್ರಮ ಅಂದರೆ ರ್‍ಯಾಕಿನ ಎಡಕ್ಕೊಂದು ಬಲಕ್ಕೊಂದು ಪ್ಲಗ್ಗುಪಟ್ಟಿ ಇರಬೇಕು. ನಮ್ಮ ಭಾಷೆಯಲ್ಲಿ ಅದಕ್ಕೆ ಪಿ.ಡಿ.ಯು. ಅನ್ನುತ್ತೇವೆ. ಒಂದು 'ಎ' ಕಡೆ, ಇನ್ನೊಂದು 'ಬಿ' ಕಡೆ. 'ಎ' ಒಂದು ಯು.ಪಿ.ಎಸ್.ನಿಂದ ಬಂದರೆ 'ಬಿ' ಇನ್ನೊಂದರಿಂದ ಬರಬೇಕು. ವೈರಿನ ಬಣ್ಣವೂ ಬೇರೆ ಇದ್ದರೆ ಕಣ್ಣಿಗೆ ಸುಲಭ: ಒಂದು ಕೆಂಪು, ಒಂದು ನೀಲಿ. ಸರ್ವರಿನ ಬೆನ್ನಿಗೆ ಎರಡು ಕೆಂಪು ಕಂಡರೆ ಏನೋ ಎಡವಟ್ಟಾಗಿದೆ ಅಂತ ಹೊಸ ಹುಡುಗನಿಗೂ ಗೊತ್ತಾಗುತ್ತದೆ.

ಇದು ಸಣ್ಣ ವಿಷಯ ಅಂದುಕೊಳ್ಳಬಾರದು. 2016ರ ಆಗಸ್ಟ್ 8ರ ನಸುಕಿನಲ್ಲಿ ಅಮೆರಿಕದ ಡೆಲ್ಟಾ ವಿಮಾನ ಕಂಪನಿಗೆ ಅಟ್ಲಾಂಟಾದ ತನ್ನ ಕೇಂದ್ರದಲ್ಲಿ ಕರೆಂಟಿನ ಉಪಕರಣವೊಂದು ಕೈಕೊಟ್ಟಿತು. ಬದಲಿ ವ್ಯವಸ್ಥೆ ಇರಲಿಲ್ಲ ಅಂತಲ್ಲ, ಇತ್ತು. ಆಮೇಲೆ ನೋಡಿದರೆ ಸುಮಾರು 7,000 ಉಪಕರಣಗಳಲ್ಲಿ 300ರಷ್ಟಕ್ಕೆ ಬದಲಿ ಕರೆಂಟು ಸಿಗುವಂತೆ ಸರಿಯಾಗಿ ಜೋಡಿಸಿರಲೇ ಇಲ್ಲ. ಕೆಲವೇ ದಿನಗಳಲ್ಲಿ 2,000ಕ್ಕೂ ಹೆಚ್ಚು ವಿಮಾನಗಳು ರದ್ದಾದವು. ನೂರಕ್ಕೆ ತೊಂಬತ್ತೈದು ಪಾಲು ಸರಿಯಿದ್ದರೂ, ಉಳಿದ ಐದು ಪಾಲಿನಿಂದ ಇಡೀ ಕಂಪನಿ ನೆಲಕ್ಕೆ ಕೂತಿತು. ಯಾರಾದರೂ ಒಂದು ರಾತ್ರಿ ಟಾರ್ಚು ಹಿಡಿದು ಪ್ರತಿ ಯಂತ್ರದ ಬೆನ್ನು ನೋಡಿದ್ದರೆ ಅವನ್ನು ಮೊದಲೇ ಪತ್ತೆ ಹಚ್ಚಬಹುದಿತ್ತೇನೋ.

"ಏರೋಪ್ಲೇನ್ ನಿಂತೋಯ್ತಾ?" ಅಕ್ಕನ ದನಿಯಲ್ಲಿ ಆಶ್ಚರ್ಯ. ನಮ್ಮೂರಿಂದ ಏರ್‌ಪೋರ್ಟ್ ಹತ್ತಿರ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ಇಳಿಯಲು ಶುರುವಾದಾಗಿನಿಂದ ಈ ಸುತ್ತಿನ ಎಷ್ಟೋ ಮನೆಯ ಮಕ್ಕಳು ಅದನ್ನೇ ನಂಬಿ ದುಡಿಯುತ್ತಿದ್ದಾರೆ.

"ಇನ್ನೊಂದು ಇದೆ ಕೇಳಕ್ಕ. ಎರಡಿದ್ದು, ಬೇರೆ ಬೇರೆ ದಾರಿಯಿಂದ ಬಂದ್ರೂ ಸಾಲ್ದು. ಒಂದೊಂದಕ್ಕೂ ಪೂರ್ತಿ ಹೊರೋ ತಾಕತ್ತಿರ್ಬೇಕು."

ಒಡಿಶಾದ ತಾಲ್ಚೇರಿನಿಂದ ನಮ್ಮ ಪಕ್ಕದ ಕೋಲಾರಕ್ಕೆ 1,300 ಕಿಲೋಮೀಟರಿಗೂ ಉದ್ದದ ದೊಡ್ಡ ವಿದ್ಯುತ್ ಮಾರ್ಗ ಇದೆ. 2003ರಲ್ಲಿ ಶುರುವಾದಾಗ 500 ಕಿಲೋವೋಲ್ಟಿನ ಡಿ.ಸಿ., 2,000 ಮೆಗಾವಾಟ್. ಅದೂ ಜೋಡಿ, ಒಂದು ಧನ, ಒಂದು ಋಣ, ಆಗ ತಲಾ ಸಾವಿರ ಮೆಗಾವಾಟ್. ಒಂದು ಕೆಟ್ಟರೆ ಇನ್ನೊಂದು ನಡೆಯುತ್ತದೆ, ಆದರೆ ಅರ್ಧ ಮಾತ್ರ ತರುತ್ತದೆ. ಅರ್ಧ ಬಂದರೂ ಬೇಕು, ಅದಕ್ಕೆ ಅದು ಒಪ್ಪಿದ ಲೆಕ್ಕ. ಸರ್ವರಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಎರಡು 750 ವಾಟಿನ ಪೆಟ್ಟಿಗೆ ಇಟ್ಟು, 'ಒಟ್ಟು 1,500 ಇದೆ' ಅಂತ 900 ವಾಟಿನ ಹೊರೆ ಹೇರಿದರೆ ಜೋಡಿ ಇದ್ದೂ ಇಲ್ಲದ ಹಾಗೆಯೇ. ಒಂದು ಹೋದ ಗಳಿಗೆ ಇನ್ನೊಂದು ತಾಳುವುದಿಲ್ಲ. ಯಂತ್ರ ತನ್ನ ವೇಗ ತಗ್ಗಿಸಿಕೊಂಡು ಹೇಗೋ ಉಳಿದೀತು, ಇಲ್ಲವೇ ಪೂರ್ತಿ ಬಿದ್ದೀತು.

ರ್‍ಯಾಕಿನ ಲೆಕ್ಕವೂ ಹೀಗೆಯೇ. ಒಂದೊಂದು ಕಡೆಗೂ 32 ಆಂಪಿಯರಿನ ಬ್ರೇಕರ್ ಇದೆ ಅನ್ನಿ. 'ಎ' ಮೇಲೆ 18, 'ಬಿ' ಮೇಲೆ 18 ಓಡುತ್ತಿದ್ದರೆ ಮೇಲ್ನೋಟಕ್ಕೆ ಎರಡಕ್ಕೂ ಬಿಡುವಿದೆ. ಆದರೆ 'ಎ' ಬಿದ್ದರೆ 'ಬಿ' ಮೇಲೆ 36 ಬೀಳುತ್ತದೆ. ಬ್ರೇಕರ್ ಕಡಿದರೆ ಇಡೀ ರ್‍ಯಾಕು ಕತ್ತಲು. ಒಂದು ಕಡೆಯ ತೊಂದರೆ ಇಪ್ಪತ್ತು ಸರ್ವರಿನ ತೊಂದರೆಯಾಗುತ್ತದೆ. ಬ್ರೇಕರ್ ತಾಳಿಕೆಯ ನೂರಕ್ಕೆ ಎಂಬತ್ತರಷ್ಟನ್ನೇ ಮಿತಿ ಮಾಡಿಕೊಂಡು, ಅದರ ಅರ್ಧವನ್ನು ಒಂದು ಕಡೆಗೆ ಇಟ್ಟರೆ 12ರಿಂದ 13 ಆಂಪಿಯರ್. ಅಷ್ಟಕ್ಕೇ ನಿಲ್ಲಿಸಬೇಕು. 'ಅರ್ಧ ಖಾಲಿ ಇದೆಯಲ್ಲ' ಅಂತ ಇನ್ನೊಂದು ಯಂತ್ರ ತಂದು ಸಿಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಆ ಖಾಲಿ ಜಾಗ ಖಾಲಿಯಲ್ಲ. ಪಕ್ಕದವನು ಬಿದ್ದ ದಿನಕ್ಕೆ ಅಂತ ಕಾದಿಟ್ಟದ್ದು.

ಇದೇ ತಪ್ಪು ದೊಡ್ಡದಾಗಿ ನಡೆದರೆ ಏನಾಗುತ್ತದೆ ಅಂತ 2012ರ ಜುಲೈ 30ರಂದು ದೇಶ ನೋಡಿತು. ಬೀನಾ ಮತ್ತು ಗ್ವಾಲಿಯರ್ ನಡುವೆ 400 ಕಿಲೋವೋಲ್ಟಿನ ಎರಡು ಲೈನುಗಳು. ಒಂದನ್ನು ಮೇಲ್ದರ್ಜೆಗೆ ಏರಿಸಲು ನಿಲ್ಲಿಸಿದ್ದರು. ಉಳಿದ ಒಂದರ ಮೇಲೆ ಭಾರ ಹೆಚ್ಚಿ ಮಧ್ಯರಾತ್ರಿ ಎರಡೂವರೆ ದಾಟಿದ ಮೇಲೆ ಅದು ಟ್ರಿಪ್ಪಾಯಿತು. ಅದರ ಹೊರೆ ಬೇರೆ ಲೈನುಗಳ ಮೇಲೆ ಬಿದ್ದು ಅವೂ ಒಂದರ ಹಿಂದೊಂದು ಬಿದ್ದವು. ಉತ್ತರ ಭಾರತ ಕತ್ತಲಾಯಿತು. ಮರುದಿನ ಮತ್ತೆ ಬಿದ್ದಾಗ ಪೂರ್ವ, ಈಶಾನ್ಯವೂ ಸೇರಿಕೊಂಡವು. ನಮ್ಮ ಮಗ್ಗಗಳಿಗೆ ಅದರ ಬಿಸಿ ತಟ್ಟಲಿಲ್ಲ, ಏಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯಾಗಿ ಓಡುತ್ತಿತ್ತು. ರಾಯಚೂರು–ಸೊಲ್ಲಾಪುರ ಲೈನಿನ ಮೂಲಕ ನಾವು ಸೇರಿಕೊಂಡದ್ದು 2013ರ ಡಿಸೆಂಬರ್ 31ಕ್ಕೆ. ಜೋಡಿಯಲ್ಲಿ ಒಂದನ್ನು ರಿಪೇರಿಗೆ ನಿಲ್ಲಿಸಿದ ಹೊತ್ತೇ ಅತಿ ಅಪಾಯದ ಹೊತ್ತು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

"ಸರಿ, ದೀಪ ಆರಿದ್ದು ಕಂಡ. ಆಮೇಕೆ ಏನ್ ಮಾಡ್ತಾನೆ?"

ಅವಸರ ಮಾಡಬಾರದು, ಅದು ಮೊದಲ ಮಾತು. ಸರ್ವರ್ ಇನ್ನೂ ಓಡುತ್ತಿದೆ. ಯೋಚಿಸಲು ಸಮಯ ಇದೆ. ಮೊದಲು ಅದರ ಲಾಗ್ ಓದಬೇಕು. ಸರ್ವರಿನೊಳಗೆ ಅದರ ಮೇಲೆ ನಿಗಾ ಇಡಲೆಂದೇ ಒಂದು ಚಿಕ್ಕ ಕಂಪ್ಯೂಟರ್ ಇರುತ್ತದೆ. ಡೆಲ್‌ನವರದಕ್ಕೆ ಐಡ್ರ್ಯಾಕ್ ಅನ್ನುತ್ತಾರೆ, ಎಚ್‌ಪಿಯವರದಕ್ಕೆ ಐಲೋ. ಸರ್ವರ್ ಆಫ್ ಆಗಿದ್ದರೂ, ಪ್ಲಗ್ಗಿನಲ್ಲಿ ಕರೆಂಟಿದ್ದರೆ ಅದು ಎಚ್ಚರವಾಗಿರುತ್ತದೆ. ಎಷ್ಟು ಗಂಟೆಗೆ ಏನಾಯಿತು ಅಂತ ಬರೆದಿಟ್ಟಿರುತ್ತದೆ. ಅಲ್ಲಿ ಎರಡು ಬಗೆಯ ದೂರು ಕಾಣುತ್ತವೆ. ಒಂದು, 'ನನಗೆ ಕರೆಂಟು ಬರುತ್ತಿಲ್ಲ'. ಇನ್ನೊಂದು, 'ಕರೆಂಟು ಬರುತ್ತಿದೆ, ನಾನೇ ಕೆಟ್ಟಿದ್ದೇನೆ'. ಈ ಎರಡರ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿಯಿತು.

ಕರೆಂಟು ಬರುತ್ತಿಲ್ಲ ಅಂದರೆ ಪೆಟ್ಟಿಗೆಯನ್ನು ಮುಟ್ಟುವುದೇ ಬೇಡ. ಅಕ್ಕಪಕ್ಕದ ಸರ್ವರುಗಳನ್ನು ನೋಡಬೇಕು. 'ಎ' ಕಡೆಯ ದೀಪಗಳೆಲ್ಲ ಆರಿದ್ದರೆ ಬ್ರೇಕರೋ ಯು.ಪಿ.ಎಸ್ಸೋ ಹೋಗಿದೆ, ಎಲೆಕ್ಟ್ರಿಷಿಯನ್ನರನ್ನು ಕರೆಯಬೇಕು. ಇದೊಂದೇ ಆರಿದ್ದರೆ ವೈರು. ಒಂದೊಂದು ಸಲ ಬೇರೆ ಯಂತ್ರ ಹಾಕುವಾಗ ಯಾರದೋ ಕೈ ತಾಗಿ ಸಡಿಲಾಗಿರುತ್ತದೆ, ಗಟ್ಟಿಯಾಗಿ ಒತ್ತಿದರೆ ಸಾಕು. ಆಗದಿದ್ದರೆ ಚೆನ್ನಾಗಿದೆ ಅಂತ ಗೊತ್ತಿರುವ ವೈರು ಹಾಕಿ ನೋಡಬೇಕು. ಆಮೇಲೆ ಅದೇ ಪಟ್ಟಿಯಲ್ಲಿ ಬೇರೆ ಸಾಕೆಟ್ಟು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ. 'ಎ' ಕಡೆ ಬರುತ್ತಿಲ್ಲ ಅಂತ ತೆಗೆದು 'ಬಿ'ಗೆ ಚುಚ್ಚಿದರೆ ದೀಪ ಹಸಿರಾಗುತ್ತದೆ, ಆದರೆ ಆ ಹಸಿರಿನಲ್ಲಿ ಏನೂ ಇಲ್ಲ. ಎರಡೂ ಒಂದೇ ಕಡೆ ನೇತುಬಿದ್ದವು ಅಷ್ಟೆ.

ಪೆಟ್ಟಿಗೆಯೇ ಕೆಟ್ಟಿದ್ದರೆ ಇನ್ನೂ ಹುಷಾರಾಗಿರಬೇಕು. ಇನ್ನೊಂದರ ದೀಪ ಹಸಿರಿದೆಯೇ, ಅದು ಪೂರ್ತಿ ಹೊರೆ ಹೊತ್ತು ನಿಂತಿದೆಯೇ ಅಂತ ಮೊದಲು ಖಾತ್ರಿ ಮಾಡಿಕೊಳ್ಳಬೇಕು. ಯಾವುದು ಒಂದು, ಯಾವುದು ಎರಡು ಅಂತ ತಗಡಿನ ಮೇಲೆ ಅಚ್ಚಾಗಿರುವ ನಂಬರು ಓದಬೇಕು. ಲಾಗಿನಲ್ಲಿ ಎರಡು ಅಂತಿದ್ದು ಕೈ ಒಂದಕ್ಕೆ ಹೋದರೆ ಬದುಕಿರುವುದನ್ನೇ ಕಿತ್ತಂತಾಗುತ್ತದೆ. ಎಳೆದ ಮರುಕ್ಷಣ ಫ್ಯಾನುಗಳ ಸದ್ದು ಇಳಿದು ಸರ್ವರ್ ಸಾಯುತ್ತದೆ. ನಂಬರನ್ನು ಬಾಯಿಬಿಟ್ಟು ಓದಿ, ಇನ್ನೊಬ್ಬರು ಹೌದು ಅಂದ ಮೇಲೆಯೇ ಕೈ ಹಾಕುವುದು ಒಳ್ಳೆ ಪದ್ಧತಿ. ಮೊದಲು ವೈರು ತೆಗೆ, ಕೊಂಡಿ ಒತ್ತು, ಹಿಡಿ ಹಿಡಿದು ಎಳೆ. ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ಕೂರಿಸಿ ನೋಡು. ಹಸಿರು ಬರದಿದ್ದರೆ ಹೊಸದು ಹಾಕು, ಅದೂ ಅದೇ ವಾಟಿನದು, ಅದೇ ಮಾದರಿಯದು. 750ರ ಜೋಡಿಗೆ 1,100 ತಂದು ಹಾಕಿದರೆ ಬಹಳಷ್ಟು ಯಂತ್ರಗಳು ಒಪ್ಪುವುದಿಲ್ಲ. ಕೆಟ್ಟದ್ದನ್ನು ಬಿಚ್ಚಿ ರಿಪೇರಿ ಮಾಡುವ ಸಾಹಸ ಮಾತ್ರ ಬೇಡವೇ ಬೇಡ. ವೈರು ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 400 ವೋಲ್ಟಿನಷ್ಟು ಕೂತಿರಬಹುದು. ಜೀವ ತೆಗೆಯಲು ಅಷ್ಟು ಸಾಕು.

ಇನ್ನೊಂದು ವಿಷಯಕ್ಕೆ ಹೊಸಬರು ಹೆದರುತ್ತಾರೆ. ಒಂದು ಪೆಟ್ಟಿಗೆ 200 ವಾಟ್ ತೋರಿಸುತ್ತದೆ, ಪಕ್ಕದ್ದು ಹತ್ತಿರ ಹತ್ತಿರ ಸೊನ್ನೆ. ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಲವು ಸರ್ವರುಗಳಲ್ಲಿ ಹೊರೆ ಕಮ್ಮಿ ಇದ್ದಾಗ ಒಂದನ್ನು ಮಲಗಿಸಿಡುವ ಏರ್ಪಾಡಿದೆ. ಈ ಪೆಟ್ಟಿಗೆಗಳು ಅರ್ಧ ಹೊರೆಯ ಸುಮಾರಿಗೆ ಓಡುವಾಗಲೇ ಕರೆಂಟು ಕಡಿಮೆ ಪೋಲು ಮಾಡುವುದು. ಉತ್ತಮ ದರ್ಜೆಯವು ಆಗ ನೂರಕ್ಕೆ 94ರಿಂದ 96 ಪಾಲು ಉಪಯೋಗಕ್ಕೆ ಕೊಡುತ್ತವೆ. ತೀರ ಹಗುರ ಹೊರೆಯಲ್ಲಿ ಎರಡನ್ನೂ ಓಡಿಸಿದರೆ ನಷ್ಟ. ಹಾಗಾಗಿ ಒಂದು ಮಲಗಿರುತ್ತದೆ, ಕರೆದರೆ ಏಳುತ್ತದೆ. ಲಾಗ್ ಓದದೆ ಮಲಗಿರುವುದನ್ನು ಸತ್ತಿದೆ ಅಂದುಕೊಂಡು ಕೀಳಬಾರದು.

ಇಷ್ಟೂ ಕೇಳಿ ಅಕ್ಕ ತಮ್ಮ ಸಂಕಟಕ್ಕೆ ಬಂದರು. "ಪಹಣಿ ತರಕ್ಕೋದ್ರೂ 'ಸರ್ವರ್ ಇಲ್ಲ' ಅಂತಾರೆ, ರೇಷನ್ನಿಗೋದ್ರೂ 'ಸರ್ವರ್ ಇಲ್ಲ'. ಅದೂ ಈ ಪೆಟ್ಟಿಗೆ ಕೆಟ್ಟೇನಾ?"

ಎಲ್ಲ ಸಲವೂ ಅಲ್ಲ. ಕೇಬಲ್ ಕಡಿದರೂ, ಒಟ್ಟಿಗೆ ಲಕ್ಷ ಜನ ನುಗ್ಗಿದರೂ, ಸಾಫ್ಟ್‌ವೇರ್ ಮುಗ್ಗರಿಸಿದರೂ ಕೌಂಟರಿನಲ್ಲಿ ಬರುವುದು ಆ ಒಂದೇ ಮಾತು. ಆದರೆ ಅಕ್ಕನ ಪ್ರಶ್ನೆಗೆ ತೂಕ ಇದೆ. 'ಭೂಮಿ' ಯೋಜನೆಯಲ್ಲಿ ಕೈಬರಹದ ಪಹಣಿ ಕಂಪ್ಯೂಟರಿಗೆ ಹೋದಾಗ ಸುಮಾರು ಎರಡು ಕೋಟಿ ದಾಖಲೆಗಳು, 67 ಲಕ್ಷ ರೈತರ ಹೆಸರುಗಳು ಅದರೊಳಗೆ ಸೇರಿದವು. ಮೊದಮೊದಲು ಒಂದೊಂದು ತಾಲ್ಲೂಕಿಗೂ ಅದರದೇ ಸರ್ವರ್ ಇತ್ತು. ಒಂದು ಕೆಟ್ಟರೆ ಒಂದು ತಾಲ್ಲೂಕಿನ ಸಾಲು ನಿಲ್ಲುತ್ತಿತ್ತು. ಆಮೇಲೆ ದಾಖಲೆಗಳನ್ನು ಬೆಂಗಳೂರಿನ ಒಂದು ಕೇಂದ್ರಕ್ಕೆ ತಂದರು. ನಿರ್ವಹಣೆಗೆ ಅದು ಒಳ್ಳೆಯದೇ, ಆದರೆ ಈಗ ಅಲ್ಲಿ ನಿಂತರೆ ಹೊಸಕೋಟೆಯ ರೈತನೂ ಬೀದರಿನ ರೈತನೂ ಒಟ್ಟಿಗೆ ಕಾಯಬೇಕು. ಒಂದೇ ಕಡೆ ಎಲ್ಲವನ್ನೂ ಇಟ್ಟ ಮೇಲೆ ಅದನ್ನು ಕಾಯುವ ಹೊಣೆ ಅಷ್ಟು ಪಟ್ಟು ಹೆಚ್ಚುತ್ತದೆ. ಸಾಲದ ಅರ್ಜಿ ಹಿಡಿದು, ಕೂಲಿ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದವರ ಒಂದು ದಿನ ಉಳಿಯುವುದೋ ಹಾಳಾಗುವುದೋ, ಕೊನೆಗೆ ಯಾವುದೋ ರ್‍ಯಾಕಿನ ಹಿಂದೆ ಯಾರೋ ಒಬ್ಬರು ಬಗ್ಗಿ ನೋಡಿದರೋ ಇಲ್ಲವೋ ಅನ್ನುವುದರ ಮೇಲೆ ನಿಂತಿರಬಹುದು.

ನೋಡುವುದಷ್ಟೇ ಅಲ್ಲ, ಪರೀಕ್ಷಿಸಲೂ ಬೇಕು. ಕೆಲಸ ಕಡಿಮೆ ಇರುವ ರಾತ್ರಿ, ಎಲ್ಲರಿಗೂ ತಿಳಿಸಿ, ಒಪ್ಪಿಗೆ ಪಡೆದು, ಒಂದು ಕಡೆಯ ವೈರು ತೆಗೆದು ನೋಡಬೇಕು. ಇನ್ನೊಂದು ಹೊತ್ತಿತೇ? ಹಾಕು, ಹಸಿರು ಬರಲಿ, ಲಾಗಿನಲ್ಲಿ 'ಜೋಡಿ ಮರಳಿತು' ಅಂತ ಬರಲಿ. ಆಮೇಲೆ ಇನ್ನೊಂದು ಕಡೆ. ಬಹಳ ಕಡೆ ಈ ಪರೀಕ್ಷೆಗೆ ಹೆದರಿ ಮುಂದೂಡುತ್ತಾರೆ. ನಾವು ಆರಿಸಿದ ರಾತ್ರಿ ತೆಗೆದು ನೋಡಲು ಹೆದರುವವರು, ಅದಾಗಿ ಹೋಗುವ ದಿನಕ್ಕೆ ಹೇಗೆ ಸಿದ್ಧರಿರುತ್ತಾರೆ?

ಅಷ್ಟರಲ್ಲಿ ಕರೆಂಟು ಬಂತು. ಅಕ್ಕ ಒಳಗೆ ಹೋಗಲು ತಿರುಗಿ, ಮತ್ತೆ ನಿಂತರು.

"ಅಂಗಾದ್ರೆ ಅವ್ನಿಗೆ ಏನ್ ಹೇಳ್ಲಿ?"

"ಮೊದಲ್ನೇ ದೀಪ ಆರಿದ ರಾತ್ರೀನೇ ಮೇಲಿನೋರಿಗೆ ಫೋನ್ ಮಾಡು ಅನ್ನಿ ಅಕ್ಕ. 'ಎಲ್ಲಾ ಓಡ್ತಾನೇ ಇದೆಯಲ್ಲ, ಬೆಳಿಗ್ಗೆ ಹೇಳಿದ್ರೆ ಆಗ್ತಿರ್ಲಿಲ್ವಾ?' ಅಂತ ಬೈದ್ರೆ ಬೈಸ್ಕೊಳ್ಳಲಿ. ಓಡ್ತಾ ಇರುವಾಗ್ಲೇ ಹೇಳ್ಬೇಕು, ಅದಕ್ಕೇ ಅವ್ನಿಗೆ ಸಂಬ್ಳ. ಗಂಟೆ, ನಂಬರು ಎಲ್ಲಾ ಪುಸ್ತಕದಲ್ಲಿ ಬರೆದಿಡ್ಲಿ. ಬೆಳಿಗ್ಗೆ ಶಿಫ್ಟಿಗೆ ಬರೋನು ಮೊದ್ಲು ಓದೋದು ಅದನ್ನೇ."